ಕೆಳಗಿನ ಕಣ್ಣಿನ ಮುಚ್ಚಳ

ನನಗೆ ಎರಡು ಕಣ್ಣು, ಒಂದರ ಕೆಳಗೊಂದು. ಮೇಲಿನದು ಸದಾ ನೋಡುತ್ತಲೇ ಇರುತ್ತದೆ, ಆದರೆ ಏನನ್ನೂ ಇಟ್ಟುಕೊಳ್ಳುವುದಿಲ್ಲ. ಕೆಳಗಿನದು ರೆಪ್ಪೆ ತೆರೆಯುವುದು ಒಂದೇ ಕ್ಷಣ. ಆಗ ಕಂಡದ್ದು ಒಳಗಿನ ಫಿಲ್ಮಿನ ಮೇಲೆ ಉಳಿದುಬಿಡುತ್ತದೆ. ನಾನೊಂದು ಹಳೆಯ ಫಿಲ್ಮ್ ಕ್ಯಾಮರಾ. ಫೋಟೋ ತೆಗೆಯುವವರು ನನ್ನನ್ನು ಹೊಟ್ಟೆಯ ಮಟ್ಟಕ್ಕೆ ಹಿಡಿದು, ನೆತ್ತಿಯ ಮುಚ್ಚಳ ಬಿಚ್ಚಿ, ತಲೆ ತಗ್ಗಿಸಿ ಒಳಗೆ ಇಣುಕಬೇಕು. ಹಾಗಾಗಿ ಎಂಥ ದೊಡ್ಡ ಮನುಷ್ಯನೂ ನನ್ನ ಮುಂದೆ ತಲೆ ಬಾಗಿದ್ದಾನೆ. ಕೆಳಗಿನಿಂದ ನೋಡುವ ನನಗೆ ಮನುಷ್ಯರೆಂದರೆ ಎರಡು ಮೂಗಿನ ಹೊಳ್ಳೆ ಮತ್ತು ಒಂದು ಗದ್ದ. ಆದ್ದರಿಂದ ಯಾರ ಬಗ್ಗೆಯೂ ಅತಿಯಾದ ಭ್ರಮೆ ಬೆಳೆಸಿಕೊಳ್ಳಲು ನನಗೆ ಅವಕಾಶವೇ ಸಿಗಲಿಲ್ಲ.

ಹುಟ್ಟಿದ್ದು ಜಪಾನಿನ ಒಂದು ಕಾರ್ಖಾನೆಯಲ್ಲಿ. ಬಿಳಿ ಕೈಗವಸು ತೊಟ್ಟ ಹೆಣ್ಣುಮಗಳೊಬ್ಬಳು ನನ್ನ ಗಾಜುಗಳನ್ನು ಕೂರಿಸಿ, ಉಫ್ ಎಂದು ಊದಿ, ಇನ್ನೊಮ್ಮೆ ಒರೆಸಿ ಮುಂದೆ ಸರಿಸಿದಳು. ನನಗೆ ಸಿಕ್ಕ ಮೊದಲ ಮುದ್ದು ಅದು. ಹಡಗಿನಲ್ಲಿ ಮುಂಬಯಿಗೆ ಬಂದೆ, ಮುಂಬಯಿಯಿಂದ ರೈಲಿನಲ್ಲಿ ಗದಗಿಗೆ. ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಕರೆತಂದವರು ನಾಗೂಸಾ ಬಾಕಳೆ. ಪೇಟೆಯಲ್ಲಿ ಅವರದೊಂದು ಫೋಟೋ ಸ್ಟುಡಿಯೋ ಇತ್ತು.

ಸ್ಟುಡಿಯೋದ ಪರದೆಯ ಮೇಲೆ ಒಂದು ಸರೋವರ, ಸರೋವರದಲ್ಲಿ ಹಂಸ, ಹಂಸಕ್ಕಿಂತ ಚಿಕ್ಕದಾದ ಅರಮನೆ. ಅದರ ಮುಂದೆ ಜನ ಬಂದು ಕೂರುತ್ತಿದ್ದರು. ಕನ್ಯೆ ನೋಡಲು ಕಳಿಸುವ ಫೋಟೋ, ನೌಕರಿ ಅರ್ಜಿಯ ಫೋಟೋ, ಮಗುವಿನ ಜವಳದ ಫೋಟೋ. ನಾಗೂಸಾ ಎಲ್ಲರಿಗೂ ಹೇಳುತ್ತಿದ್ದುದು ಒಂದೇ ಮಾತು: "ನಗಬ್ಯಾಡ್ರಿ, ಉಸುರು ಬಿಗಿ ಹಿಡೀರಿ." ಅದಕ್ಕೇ ಆ ಕಾಲದ ಫೋಟೋಗಳಲ್ಲಿ ಇಡೀ ಊರೇ ಯಾವುದೋ ತೀರ್ಪಿಗೆ ಕಾದು ಕುಳಿತಂತೆ ಕಾಣುತ್ತದೆ.

ಸ್ಟುಡಿಯೋದ ಹೊರಗೂ ಒಂದು ಕೆಲಸವಿತ್ತು. ಆ ಕಡೆಯ ಅನೇಕ ಮನೆತನಗಳಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಹಣೆಗೆ ವಿಭೂತಿ ಬಳಿದು, ಹೊಸ ಬಟ್ಟೆ ಉಡಿಸಿ, ಹೂವಿನಿಂದ ಅಲಂಕರಿಸಿ ನಡುವೆ ಕೂರಿಸಿದ ಮೇಲೆ ಮಕ್ಕಳು ಮೊಮ್ಮಕ್ಕಳು ಸುತ್ತ ನಿಲ್ಲುತ್ತಾರೆ. ಬಂಧುಬಳಗವೆಲ್ಲ ಒಂದೆಡೆ ಸೇರುವುದು ಅಂದೇ ಆದ್ದರಿಂದ ಫೋಟೋದವನಿಗೂ ಅಂದೇ ಕರೆ ಹೋಗುತ್ತಿತ್ತು. ಎಷ್ಟೋ ಮನೆಗಳಲ್ಲಿ ಇಡೀ ಕುಟುಂಬದ ಫೋಟೋ ಎಂಬುದು ಇದೊಂದೇ. ನಾನು ಕೆಳಗಿನ ಕಣ್ಣನ್ನು ಗೌರವದಿಂದ ತೆರೆದು ಮುಚ್ಚುತ್ತಿದ್ದೆ.

ಬಣ್ಣದ ಫಿಲ್ಮು ಬಂತು, ಸಣ್ಣ ಸಣ್ಣ ಕ್ಯಾಮರಾಗಳು ಬಂದವು, ನಾಗೂಸಾ ಹೋದರು. ಅವರ ಅಳಿಯ ಸ್ಟುಡಿಯೋದ ಸಾಮಾನನ್ನೆಲ್ಲ ಒಂದು ನಾಟಕ ಕಂಪನಿಗೆ ದಾಟಿಸಿದ. ಹಂಸದ ಪರದೆಯೂ ಹೋಯಿತು, ಅದರ ಬೆನ್ನಿಗೆ ನಾನೂ ಹೋದೆ. ಕಂಪನಿಯಲ್ಲಿ ನನ್ನದು ಪತ್ರಕರ್ತನ ಕ್ಯಾಮರಾದ ಪಾತ್ರ. ಹಾಸ್ಯನಟನೊಬ್ಬ ನನ್ನನ್ನು ಕಣ್ಣಿಗೆ ಒತ್ತಿ ಹಿಡಿದು, ಬಾಯಲ್ಲೇ "ಫಟ್" ಎಂದು ಸದ್ದು ಮಾಡುತ್ತಿದ್ದ. ಹೊಟ್ಟೆಯಲ್ಲಿ ಫಿಲ್ಮಿಲ್ಲದೆ ಊರೂರು ತಿರುಗಿದೆ. ಬೇಸರವಾಯಿತೇ ಎಂದು ಕೇಳಿದರೆ, ಇಲ್ಲ. ಚಪ್ಪಾಳೆ ಎಂಬುದನ್ನು ನಾನು ಕೇಳಿದ್ದು ಅಲ್ಲಿ ಮಾತ್ರ.

ಕಂಪನಿ ಗದಗಿನಲ್ಲಿ ಕ್ಯಾಂಪು ಮಾಡಿದಾಗ, ಮುಂದಿನ ಸಾಲಿನಲ್ಲಿ ಕುಳಿತ ಒಬ್ಬ ಮನುಷ್ಯ ಇಡೀ ನಾಟಕಕ್ಕೆ ಒಮ್ಮೆಯೂ ನಗಲಿಲ್ಲ. ಕರೆಂಟ್ ಆಫೀಸಿನ ಶಶಿಧರ ಕೊಟ್ರಶೆಟ್ಟಿ. ಆಟ ಮುಗಿದದ್ದೇ ರಂಗದ ಹಿಂದೆ ಬಂದು ನಿಂತರು.

"ಮ್ಯಾನೇಜರ್ ಸಾಹೇಬ್ರ, ಆ ಕ್ಯಾಮರಾ ಹಂಗ ಹಿಡಿಯೂದಲ್ಲರಿ. ಹೊಟ್ಟಿ ಮುಂದ ಹಿಡಿದು ಮ್ಯಾಲಿಂದ ನೋಡಬೇಕು."

ಮ್ಯಾನೇಜರ್ ಮುಖದ ಬಣ್ಣ ಒರೆಸಿಕೊಳ್ಳುತ್ತಲೇ ಇದ್ದರು. "ಹೊಟ್ಟಿ ಮುಂದ ಹಿಡಿದ್ರ ಹಿಂದ ಕುಂತವ್ರಿಗೆ ಕ್ಯಾಮರಾ ಅಂತ ತಿಳೀತೈತೇನ್ರಿ? ಊಟದ ಡಬ್ಬಿ ಅಂತಾರ."

ಮರುದಿನ ಶಶಿಧರ ಥಳಥಳ ಹೊಳೆಯುವ, ಮಿಂಚು ಹೊಡೆಯುವ ಪ್ಲಾಸ್ಟಿಕ್ ಕ್ಯಾಮರಾ ಒಂದನ್ನು ತಂದುಕೊಟ್ಟು ನನ್ನನ್ನು ಕರೆದೊಯ್ದರು. ಇಬ್ಬರೂ ಇನ್ನೊಬ್ಬನಿಗೆ ಟೋಪಿ ಹಾಕಿದೆನೆಂಬ ಸಂತೋಷದಲ್ಲಿ ಕೈ ಕುಲುಕಿದರು.

ಶಶಿಧರರ ಮನೆಯಲ್ಲಿ ಗಾಜಿನ ಕಪಾಟು ತುಂಬ ನನ್ನ ಜಾತಿಯವರು. ರಷ್ಯಾದವರು, ಜರ್ಮನಿಯವರು, ಮೂಗು ಮಡಚುವವರು, ಬಾಯಿ ತೆರೆದರೆ ಮುಚ್ಚಲು ಬಾರದವರು. ಪ್ರತಿ ಭಾನುವಾರ ಅವರು ನಮ್ಮನ್ನು ಒಬ್ಬೊಬ್ಬರನ್ನಾಗಿ ಇಳಿಸಿ, ಒರೆಸಿ, ಕಿವಿಯ ಬಳಿ ಹಿಡಿದು ಟಿಕ್ ಎನಿಸಿ, "ಆಹಾ" ಎಂದು ಮತ್ತೆ ಒಳಗಿಡುತ್ತಿದ್ದರು. ಫೋಟೋ ತೆಗೆಯುವುದು ಅಪರೂಪ. ಫಿಲ್ಮು ಮುಂಬಯಿಯಿಂದ ಬರಬೇಕು, ಬಂದದ್ದು ಫ್ರಿಜ್ಜಿನಲ್ಲಿರಬೇಕು, ಬೆಳಕು ಮನಸ್ಸಿಗೆ ಬರಬೇಕು. ಬೆಳಕು ಮನಸ್ಸಿಗೆ ಬರುವ ಹೊತ್ತಿಗೆ ಆಫೀಸಿನ ಹೊತ್ತಾಗಿರುತ್ತಿತ್ತು.

ಅವರ ಹೆಂಡತಿ ಸುಮಂಗಲಾ ಫ್ರಿಜ್ಜಿನ ಬಾಗಿಲು ಹಿಡಿದು ಕೇಳುತ್ತಿದ್ದರು: "ರೀ, ಕೊತ್ತಂಬರಿ ಇಡಾಕ ಜಾಗಾ ಇಲ್ಲ. ಈ ಡಬ್ಬಿ ಏನು ಪಲ್ಯಾ ಮಾಡ್ಲೇನು?"

"ಅದನ್ನ ಮುಟ್ಟಬ್ಯಾಡ ಮಾರಾಯ್ತಿ. ಅದು ಥಂಡ್ಯಾಗ ಇರಬೇಕು."

"ನಾ ಒಲಿ ಮುಂದ ಇರೂದು ಯಾರಿಗೂ ಕಾಣವಲ್ದು."

ಹೀಗೆ ಅನ್ನುತ್ತಲೇ, ಹೊಸ ಚೀಲಗಳಲ್ಲಿ ಬರುವ ತೇವ ಹೀರುವ ಪುಡಿಯ ಪೊಟ್ಟಣಗಳನ್ನು ಮರೆಯದೆ ನಮ್ಮ ಕಪಾಟಿಗೆ ತಂದು ಹಾಕುತ್ತಿದ್ದವರೂ ಅವರೇ.

ಶಶಿಧರರಿಗೆ ನನ್ನ ಮೇಲೆ ಒಂದು ಕೈ ಹೆಚ್ಚು ಪ್ರೀತಿ. ನನ್ನ ಕೆಳಗಿನ ಕಣ್ಣಿಗೆ ಧೂಳು ಸೋಕಬಾರದೆಂದು, ಒಳಗೆ ಮಖಮಲ್ ಅಂಟಿಸಿದ ಕಪ್ಪು ಮುಚ್ಚಳವೊಂದನ್ನು ತಾವೇ ಮಾಡಿ ತೊಡಿಸಿದರು. ಮೇಲಿನ ಕಣ್ಣಿಗೆ ಏನೂ ಇಲ್ಲ. ಅದು ಬರಿದೇ ನೋಡುವ ಕಣ್ಣು, ಅದಕ್ಕೆ ತುಸು ಧೂಳು ಬಿದ್ದರೆ ನಡೆದೀತು. ಈ ಪ್ರೀತಿಯೇ ಮುಂದೆ ಫಜೀತಿ ತಂದಿತು.

ಎದುರು ಮನೆಯಲ್ಲಿ ಬಸಲಿಂಗವ್ವ ಎಂಬ ಹಿರಿಯರಿದ್ದರು. ಓಣಿಗೆಲ್ಲ ಆಯಿ. ತುಂಬಿದ ಮನೆ: ಇಬ್ಬರು ಗಂಡುಮಕ್ಕಳು, ಸೊಸೆಯರು, ಮೊಮ್ಮಕ್ಕಳು. ಆದರೆ ಹಿರಿಯ ಮಗ ವೀರಭದ್ರಪ್ಪ, ಕಿರಿಯ ಮಗ ಗುರುಸಿದ್ದಪ್ಪ ಒಂದೇ ಸೂರಿನಡಿ ಎರಡು ಒಲೆ ಹೂಡಿದ್ದರು. ನೀರಿನ ಟಾಕಿ ಯಾರ ಕಡೆಗಿರಬೇಕು ಎಂಬಲ್ಲಿ ಶುರುವಾದ ಜಗಳ. ಟಾಕಿ ತುಕ್ಕು ಹಿಡಿದು ಹೋಗಿ ಎಷ್ಟೋ ವರ್ಷವಾಗಿತ್ತು, ಮಾತು ಮಾತ್ರ ತಿರುಗಿ ಬಂದಿರಲಿಲ್ಲ.

ಒಂದು ಭಾನುವಾರ ಆಯಿ ಕೋಲೂರಿಕೊಂಡು ನಮ್ಮ ಕಪಾಟಿನ ಮುಂದೆ ಬಂದು ಕುಳಿತರು.

"ತಮ್ಮಾ ಶಶೀ, ನಾಡದು ಮೊಮ್ಮಗಳ ಕುಬಸ ಐತಿ. ಎಲ್ಲಾರೂ ಬರ್ತಾರ. ನಂದೊಂದು ಫೋಟೋ ತಗೀಬೇಕು ನೀ, ನಡುವ ಕುಂದರಿಸಿ, ಮಕ್ಕಳನ್ನ ಎರಡೂ ಕಡೆ ನಿಂದರಿಸಿ."

"ಮೊಬೈಲಿನ್ಯಾಗ ತಗೀತಾರಲ್ಲ ಆಯಿ, ಹುಡುಗ್ರು?"

"ಮೊಬೈಲಿನ್ಯಾಗ ದೊಡ್ಡಾವ್ನ ಕಡ್ಯಾವ್ರು ದೊಡ್ಡಾವ್ನ ಕಡೆ ತಗೀತಾರ, ಸಣ್ಣಾವ್ನ ಕಡ್ಯಾವ್ರು ಸಣ್ಣಾವ್ನ ಕಡೆ. ನನಗ ಗ್ವಾಡಿಗೆ ಹಾಕೂ ಫೋಟೋ ಬೇಕು." ಕೋಲಿನಿಂದ ತಮ್ಮ ಮನೆಯ ಕಡೆ ತೋರಿಸಿ ಹೇಳಿದರು: "ನಮ್ಮ ಮನಿ ಗ್ವಾಡಿ ನೋಡೀಯಿಲ್ಲ? ನಮ್ಮತ್ತಿದೈತಿ, ನಮ್ಮ ಮನ್ಯಾವ್ರದೈತಿ. ಎಲ್ಲಾರೂ ಸುತ್ತ ನಿಂತಾರ, ನಡುವ ಕುಂತಾವ್ರಿಗೆ ಖಬರಿಲ್ಲ. ನಾಳೆ ನಂದೂ ಹಂಗ ತಗೀತಾರ. ಆವತ್ತು ನನ್ನ ಮಕ್ಕಳಿಬ್ರೂ ಬಾಜೂ ಬಂದು ನಿಂದರ್ತಾರ, ನನಗ ಗೊತ್ತೈತಿ. ನಾ ನೋಡಬೇಕಲ್ಲೋ ಅದನ್ನ? ಕಣ್ಣು ತಕ್ಕೊಂಡು ಕುಂತಾಗ ತಗೀ ಮಾರಾಯಾ."

ಗೋಡೆಯ ಆ ಫೋಟೋಗಳನ್ನು ನಾಗೂಸಾರ ಕೈಯಲ್ಲಿ ನಾನೇ ತೆಗೆದಿದ್ದರೂ ತೆಗೆದಿರಬಹುದು. ಶಶಿಧರ ಫ್ರಿಜ್ಜಿನಿಂದ ಒಂದು ಸುರುಳಿ ಫಿಲ್ಮು ತೆಗೆದರು. ಒಂದು ಸುರುಳಿಗೆ ಹನ್ನೆರಡು ಫೋಟೋ. ಮನೆಯಲ್ಲಿ ಉಳಿದಿದ್ದುದು ಅದೊಂದೇ.

ಬಸುರಿಗೆ ಸೀಮಂತ ಮಾಡುವ ಕುಬಸದ ದಿನ ಅಂಗಳದಲ್ಲಿ ನನ್ನನ್ನು ಮೂರು ಕಾಲಿನ ಮೇಲೆ ನಿಲ್ಲಿಸಿದರು. ನಡುವೆ ಕುರ್ಚಿಯಲ್ಲಿ ಆಯಿ, ಇಳಕಲ್ ಸೀರೆ, ಮೂಗಿನ ಮೇಲೆ ಹೊಸ ಕನ್ನಡಕ. ಹಸಿರು ಬಳೆ ತೊಟ್ಟ ಬಸುರಿ ಮೊಮ್ಮಗಳು ಪಕ್ಕದಲ್ಲಿ. ಅಣ್ಣ ಒಂದು ತುದಿಗೆ, ತಮ್ಮ ಇನ್ನೊಂದು ತುದಿಗೆ. ನನ್ನ ನೆತ್ತಿಯ ಗಾಜಿನಲ್ಲಿ ಎಡ ಬಲವಾಗಿ, ಬಲ ಎಡವಾಗಿ ಕಾಣುತ್ತದೆ. ಶಶಿಧರ ಅದನ್ನೇ ನೋಡುತ್ತ "ಅಣ್ಣಾರು ಇತ್ತ, ತಮ್ಮಾರು ಅತ್ತ" ಎಂದು ಗೊಂದಲ ಮಾಡಿಮಾಡಿ, ಕೊನೆಗೆ ಇಬ್ಬರನ್ನೂ ಆಯಿಯ ಕುರ್ಚಿಯ ಹಿಂದೆ ತಂದು ನಿಲ್ಲಿಸಿದರು. ಇಬ್ಬರೂ ಬೇರೆ ಬೇರೆ ದಿಕ್ಕಿಗೆ ನೋಡುತ್ತಿದ್ದರು.

ಶಶಿಧರ ಮೊಬೈಲಿನಲ್ಲಿ ಬೆಳಕು ಅಳೆದರು. ತಲೆಬಾಗಿದರು. ಗುಂಡಿ ಒತ್ತಿದರು. ಟಿಕ್.

ಕೆಳಗಿನ ಕಣ್ಣು ತೆರೆಯಿತು, ಎದುರಿಗೆ ಮಖಮಲ್ಲು.

ಮೇಲಿನ ಕಣ್ಣಿಗೆ ಎಲ್ಲ ಚೊಕ್ಕವಾಗಿ ಕಾಣುತ್ತಿದೆ. ಶಶಿಧರ ನೋಡುತ್ತಿರುವುದೂ ಅದರಿಂದಲೇ. ಮುಚ್ಚಳ ತೆಗೆಯುವುದು ಮರೆತಿದ್ದಾರೆಂದು ನನಗೊಬ್ಬನಿಗೆ ಗೊತ್ತು, ಹೇಳಲು ಬಾಯಿಲ್ಲ. ಮತ್ತೊಂದು ತೆಗೆದರು. ಇನ್ನೊಂದು. ಸೊಸೆಯರನ್ನು ಸರಿಸಿ ಒಂದು, ಮನೆಯ ಚಿಕ್ಕ ಕೂಸನ್ನು ಎತ್ತಿಸಿ ಒಂದು. "ಛಲೋ ಬಂತ್ರೀ" ಎಂದು ಪ್ರತಿ ಸಲವೂ ಹೇಳುತ್ತಿದ್ದರು. ಆ ಮಖಮಲ್ಲಿನ ಕತ್ತಲೆಯಷ್ಟು ಛಲೋ ಬಂದದ್ದನ್ನು ನಾನು ಆವರೆಗೆ ಕಂಡಿರಲಿಲ್ಲ.

"ಸಾಹೇಬ್ರ, ಎಷ್ಟೊತ್ರೀ? ಹೋಳಗಿ ಆರಾಕತ್ತಾವ," ಎಂದರು ಗುರುಸಿದ್ದಪ್ಪ.

ಹನ್ನೊಂದನೆಯದು ಮುಗಿದಾಗ ಆಯಿ ಕನ್ನಡಕ ಸರಿಪಡಿಸಿಕೊಂಡು ನನ್ನನ್ನೇ ದಿಟ್ಟಿಸಿದರು. ಅಲ್ಲಿ ನನ್ನ ಮುಖಕ್ಕೆ ಎದುರಾಗಿ ಸರಿಯಾಗಿ ಕುಳಿತಿದ್ದವರು ಅವರೊಬ್ಬರೇ.

"ತಮ್ಮಾ, ನಿನ್ನ ಕ್ಯಾಮರಾಕ್ಕೂ ನನ್ನಂಗ ಕಣ್ಣಿನ ಆಪರೇಶನ್ ಆಗೈತೇನೋ?"

"ಯಾಕ ಆಯಿ?"

"ಮತ್ತ ಕೆಳಗಿನ ಕಣ್ಣಿಗೆ ಕರೇ ಪಟ್ಟಿ ಕಟ್ಟೀದಿ?"

ಶಶಿಧರ ಬಗ್ಗಿ ನೋಡಿದರು. ಕೆಳಗಿನಿಂದ ಅವರ ಮುಖವನ್ನು ಅಷ್ಟು ಕಾಲ ನೋಡಿದ್ದೆ, ಅಂಥ ಬಣ್ಣ ಕಂಡಿರಲಿಲ್ಲ. ಮುಚ್ಚಳ ಕೈಗೆ ಬಂತು.

ವೀರಭದ್ರಪ್ಪ ಮೆಲ್ಲಗೆ ಕೇಳಿದರು, ಯಾರನ್ನು ಎಂದು ನೋಡದೆಯೇ: "ಅಲ್ಲ, ಹನ್ನೊಂದೂ ಕತ್ತಲೇನು?"

"ಹನ್ನೊಂದೂ," ಎಂದರು ಪಕ್ಕದಲ್ಲಿದ್ದ ಗುರುಸಿದ್ದಪ್ಪ.

ಅಂದ ಮೇಲೆಯೇ ತಾವು ಒಬ್ಬರಿಗೊಬ್ಬರು ಮಾತಾಡಿದ್ದೇವೆಂದು ಇಬ್ಬರಿಗೂ ತಿಳಿಯಿತು. ಮೊದಲು ನಕ್ಕವರು ಆಯಿ. ಆಮೇಲೆ ಸೊಸೆಯರು, ಆಮೇಲೆ ಬಸುರಿ ಹೊಟ್ಟೆ ಹಿಡಿದುಕೊಂಡು, ಕೊನೆಗೆ ಅಣ್ಣ ತಮ್ಮಂದಿರೂ. ಬಾಗಿಲಲ್ಲಿದ್ದ ಸುಮಂಗಲಾ, "ನಮ್ಮ ಮನ್ಯಾಗ ದಿನಾ ಇದ ನೋಡ್ರಿ," ಎಂದು ಕಣ್ಣೊರೆಸಿಕೊಂಡರು.

ಇನ್ನು ಒಂದೇ ಫೋಟೋ ಉಳಿದಿತ್ತು. ಬಿಸಿಲು ಗೋಡೆ ಹತ್ತಿ ಅಂಗಳ ಮಬ್ಬಾಗಿತ್ತು. ಶಶಿಧರ ನನ್ನ ಕಣ್ಣು ತುಸು ಹೆಚ್ಚು ಹೊತ್ತು ತೆರೆದಿರುವಂತೆ ಪಕ್ಕದ ಚಕ್ರ ತಿರುಗಿಸಿದರು. ಅವರಿಗೆ ಗೊತ್ತಿಲ್ಲದ ಸಂಗತಿಯೆಂದರೆ, ಒಳಗಿನ ಎಣ್ಣೆ ಜಿಡ್ಡುಗಟ್ಟಿ ನನ್ನ ರೆಪ್ಪೆ ಮುಚ್ಚುವುದು ಅವರು ಹೇಳಿದ್ದಕ್ಕಿಂತ ಬಹಳ ನಿಧಾನವಾಗಿತ್ತು.

"ಇದೊಂದ ಐತ್ರೀ. ಯಾರೂ ಅಳ್ಳಾಡಬ್ಯಾಡ್ರಿ!"

ಎಲ್ಲರೂ ಕಲ್ಲಾದರು. ಕೂಸು ಕೂಡ ಹೆದರಿ ಸುಮ್ಮನಾಯಿತು. ನಾನು ಕಣ್ಣು ತೆರೆದೆ. ನನ್ನ ಕೈಲಾದಷ್ಟು ಬೇಗ ಮುಚ್ಚಿದೆ.

ಮುಂದಿನ ಭಾನುವಾರ ಬಚ್ಚಲಿನ ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ, ಶಶಿಧರ ಫಿಲ್ಮನ್ನು ತೊಳೆದು ಫೋಟೋ ಮಾಡಿದರು. ಹೊರಗೆ ಬಂದವರ ಮುಖ ಸಪ್ಪಗಿತ್ತು.

"ಎಲ್ಲಾರೂ ಕೆತ್ತಿಟ್ಟಂಗ ಬಂದಾರ. ಆಯಿ ಒಬ್ಬಾಕಿ ಅಳ್ಳಾಡ್ಯಾಳ. ಮಾರಿ ಮಸಕಾಗೈತಿ."

ಸುಮಂಗಲಾ ಫೋಟೋ ನೋಡಿದರು. ಬಹಳ ಹೊತ್ತು ನೋಡಿದರು. "ಒಯ್ದು ಕೊಡ್ರಿ," ಎಂದರು.

"ಹೆಂಗ ಕೊಡಲೇ ಇದನ್ನ? ಆಕಿ ಸಲುವಾಗೇ ತಗದದ್ದು."

"ಒಯ್ದು ಕೊಡ್ರಿ ಅಂದ್ನಲ್ಲ."

ಇನ್ನೊಮ್ಮೆ ತೆಗೆಯುತ್ತೇನೆಂದು ಕೇಳಿಕೊಳ್ಳುವ ಲೆಕ್ಕದಲ್ಲಿ ನನ್ನನ್ನೂ ಕೊರಳಿಗೆ ಹಾಕಿಕೊಂಡು ಹೋದರು. ಆಯಿ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಕೈ ಒರೆಸಿಕೊಂಡು ಫೋಟೋ ಇಸಿದುಕೊಂಡರು. ಹಿಂದೆ ಭುಜಕ್ಕೆ ಭುಜ ತಾಗಿಸಿ ಇಬ್ಬರು ಮಕ್ಕಳು, ನಗು ತಡೆಹಿಡಿದು ಬಿಗಿದ ತುಟಿ, ಇಬ್ಬರದೂ ಒಂದೇ ಥರ. ಪಕ್ಕದಲ್ಲಿ ಹಸಿರು ಬಳೆ. ನಡುವೆ ಇಳಕಲ್ ಸೀರೆಯ ಮೇಲೆ, ತಡೆಯಲಾಗದೆ ನಗುತ್ತಲೇ ಇದ್ದ ಒಂದು ಮುಖದ ಮಸುಕು.

"ತಪ್ಪಾತು ಆಯಿ," ಎಂದರು ಶಶಿಧರ. "ನೀವೊಬ್ರ ಅಳ್ಳಾಡೀರಿ. ಫಿಲ್ಮು ತರಸ್ತೀನಿ, ಮತ್ತೊಮ್ಮೆ ಎಲ್ಲಾರ್ನೂ ಕೂಡ್ಸಿ..."

"ಬ್ಯಾಡ," ಎಂದರು ಆಯಿ. ಬೆರಳಿನಿಂದ ಆ ಮಸುಕನ್ನು ಮುಟ್ಟಿದರು. "ನಮ್ಮತ್ತಿ ಫೋಟೋದಾಗ ನಮ್ಮತ್ತಿ ಅಳ್ಳಾಡಿಲ್ಲ. ನಮ್ಮ ಮನ್ಯಾವ್ರೂ ಅಳ್ಳಾಡಿಲ್ಲ. ನಾ ಅಳ್ಳಾಡೇನಿ. ಫೋಟೋ ತಗದಾಗ ನನಗ ಜೀವ ಇತ್ತಂತ ಯಾರೂ ಬ್ಯಾರೆ ಹೇಳಬೇಕಾಗಿಲ್ಲ." ಆಮೇಲೆ ಒಳಗೆ ಮುಖ ಮಾಡಿ ಕೂಗಿದರು: "ಏ ಗುರುಸಿದ್ಯಾ, ಮೊಳಿ ಹೊಡಿಯಾಕ ನಿಮ್ಮಣ್ಣನ್ನ ಕರಿ!"

ಅಣ್ಣ ಬಂದು ಸುತ್ತಿಗೆ ಹಿಡಿದರು. ಮೊಳೆಯ ಎತ್ತರ ಸರಿಯಿಲ್ಲವೆಂದು ತಮ್ಮ ತಕರಾರು ತೆಗೆದರು. ಅಷ್ಟಕ್ಕೇ ಇಬ್ಬರೂ ಹೊಸದಾಗಿ ವಾದ ಹೂಡಿದರು. ಆಯಿ ಅವರೆಕಾಯಿ ಸುಲಿಯುತ್ತ ಕೇಳುತ್ತ ಕುಳಿತರು.

ಮುಂದಿನ ಮಳೆಗಾಲದಲ್ಲಿ ನನ್ನ ರೆಪ್ಪೆ ಪೂರ್ತಿ ಹಿಡಿದುಕೊಂಡಿತು. ರಿಪೇರಿ ಮಾಡಬಲ್ಲವರು ಈಗ ಯಾರೂ ಇಲ್ಲವಂತೆ. ಶಶಿಧರ ನನ್ನನ್ನು ಕಿವಿಯ ಬಳಿ ಹಿಡಿದು ಬಹಳ ಹೊತ್ತು ಕಾದು, ಕಪಾಟಿನ ಕೆಳಗಿನ ಹಲಗೆಯ ಮೂಲೆಯಲ್ಲಿ ಇಟ್ಟರು. ನನಗೆ ದೂರೇನಿಲ್ಲ. ಊದಿ ಒರೆಸಿದ ಹೆಣ್ಣುಮಗಳು, ತೊಡೆಯ ಮೇಲೆ ಕೂರಿಸಿಕೊಂಡ ನಾಗೂಸಾ, ಧೂಳಿಗೆ ಹೆದರಿ ಮಖಮಲ್ಲು ತೊಡಿಸಿದ ಈ ಮನುಷ್ಯ, ಎಲ್ಲರೂ ನನ್ನಿಂದ ಚೊಕ್ಕವಾದ ಚಿತ್ರವನ್ನೇ ಬಯಸಿದವರು; ನಾನೂ ಕೊಟ್ಟಿದ್ದೇನೆ. ಆದರೆ ಕಣ್ಣು ಮುಚ್ಚಲು ತಡಮಾಡಿದ ನನ್ನ ಮುಪ್ಪನ್ನು ಜೀವದ ಗುರುತೆಂದು ಗೋಡೆಗೆ ಹಾಕಿಕೊಂಡವರು ಆಯಿಯೊಬ್ಬರೇ. ಅವರು ಇನ್ನೂ ಗಟ್ಟಿಮುಟ್ಟಾಗಿದ್ದಾರೆ. ಮಾಳಿಗೆಯ ಮೇಲೆ ಹೊಸ ನೀರಿನ ಟಾಕಿ ಎಲ್ಲಿ ಕೂರಿಸಬೇಕೆಂದು ಅಣ್ಣ ತಮ್ಮಂದಿರು ಜಗಳವಾಡುವುದು ಈ ಮೂಲೆಗೂ ಕೇಳುತ್ತದೆ.