ತಂಪು ಕೈಯವಳ ಸೌತೆ

ಬಾಲೇ ನದಿಯ ಮೇಲಿನ ಇಳಿಜಾರಿನಲ್ಲಿ ಪೊದೆ ಸವರಿ, ಬೆಂಕಿಯಿಟ್ಟು, ಸುಟ್ಟ ಕೊರಡುಗಳನ್ನು ಎಳೆದುಹಾಕಿ ಅಂಗೈ ತುಂಬ ಬೊಬ್ಬೆ ಎಬ್ಬಿಸಿಕೊಂಡವಳು ಹಿರಿಸೊಸೆ ಲಮಿತ್. ಬೂದಿ ಆರಿ, ತರಕಾರಿಯ ಮೊದಲ ಬೀಜ ಊರುವ ಹೊತ್ತು ಬಂದಾಗ ಮಾತ್ರ ಅತ್ತೆ ಕರೆದದ್ದು ಕಿರಿಸೊಸೆ ಸೆಂಡಿಯನ್ನು.

"ಅವಳದು ತಂಪು ಕೈ ಕಣೇ, ನೆಟ್ಟಿದ್ದೆಲ್ಲ ಚಿಗುರುತ್ತೆ. ನಿಂದು ಬಿಸಿ. ಹೋದ್ಸಲ ನೀನು ನೆಟ್ಟ ಬದನೆ ಏನಾಯ್ತು?"

"ಬದನೆ ತಿಂದಿದ್ದು ಜಿಂಕೆ ಅತ್ತೆ, ನನ್ನ ಕೈಯಲ್ಲ."

"ಜಿಂಕೆಗೆ ದಾರಿ ತೋರ್ಸೋದೇ ಬಿಸಿ ಕೈ!"

ಊರಿನ ಕುಟುಂಬಗಳೆಲ್ಲ ಒಂದೇ ಸೂರಿನಡಿ ಬಾಳುವ ಉದ್ದಮನೆಯ ಜಗುಲಿಯಲ್ಲಿ ಕೂತವರೆಲ್ಲ ನಕ್ಕರು. ಸೆಂಡಿಯೂ ನಕ್ಕಳು.

ಲಮಿತಳಿಗೆ ಮೈಯೆಲ್ಲ ಉರಿಯಿತು. ಮೊದಲ ಬೀಜ ಹಾಕಿದವಳ ಹೆಸರೇ ತೋಟಕ್ಕೆ. ನೆಟ್ಟಗೆ ಕತ್ತಿ ಹಿಡಿಯಲು ಬಾರದ, ನಿನ್ನೆ ಮೊನ್ನೆ ಮದುವೆಯಾಗಿ ಬಂದ ಹುಡುಗಿ ಎರಡು ಬೀಜ ಉದುರಿಸಿದರೆ ಸಾಕು, ಅದು 'ಸೆಂಡಿಯ ತೋಟ'! ಯಾರೋ ಅಟ್ಟ ಅಡುಗೆ, ಯಾರೋ ಉಂಡರು.

ಅಂದು ಸಂಜೆ ನೀರಿಗೆಂದು ಹೊರಟವಳು ಇಳಿಜಾರು ಹತ್ತಿದಳು. ತವರಿನಿಂದ ತಂದಿದ್ದ ಹಳದಿ ಸೌತೆಯ ಬೀಜಗಳನ್ನು ಬೂದಿಯಲ್ಲಿ ಊರಿ ಇಳಿದು ಬಂದಳು. ಮರುದಿನ ಸೆಂಡಿ ಅದೇ ನೆಲಕ್ಕೆ ಬೀಜ ಹಾಕುವುದನ್ನು ನೋಡುತ್ತ ಒಳಗೊಳಗೇ ನಕ್ಕಳು.

ಬಳ್ಳಿ ಹಬ್ಬಿತು. ಕೊರಡುಗಳೆಲ್ಲ ಮುಚ್ಚಿಹೋಗುವಷ್ಟು ಹಬ್ಬಿತು.

"ನೋಡಿದ್ರಾ? ತಂಪು ಕೈ ಅಂದ್ರೆ ಇದು!" ಅತ್ತೆ ಕಂಡಕಂಡವರನ್ನೆಲ್ಲ ಕರೆದು ತೋರಿಸಿದಳು.

ಲಮಿತ್ ಬಾಯಿ ಬಿಡುವಂತಿಲ್ಲ. ಮೊದಲ ಬೀಜಕ್ಕೆ ಕರೆಸಿಕೊಂಡವಳಿಗಿಂತ ಮುಂಚೆ ಬೇರೆಯವಳು ಕೈ ಹಾಕಿದರೆ ಇಡೀ ಉದ್ದಮನೆಗೆ ಕೇಡು. ಹಂದಿ ಕೊಯ್ದು ಎಲ್ಲರೆದುರು ತಪ್ಪೊಪ್ಪಿಕೊಳ್ಳಬೇಕು. ಹೊಗಳಿಕೆ ಕೇಳಿದಾಗಲೆಲ್ಲ ಅವಳು ಕತ್ತಿ ಎತ್ತಿಕೊಂಡು ಕಳೆ ತೆಗೆಯಲು ಹೊರಡುತ್ತಿದ್ದಳು.

ಮೊದಲ ಕಾಯಿ ಬಲಿತ ದಿನ ಸೆಂಡಿ ಅದನ್ನು ಕಿತ್ತು, ಕಳೆ ತೆಗೆಯುತ್ತಿದ್ದ ಲಮಿತಳ ಪಕ್ಕ ಬಂದು ಕೂತಳು.

"ಅಕ್ಕಾ, ನಾನು ಹಾಕಿದ್ದು ಹಸಿರು ಸೌತೆ. ಒಂದೂ ಬಿಡ್ದೆ ಇರುವೆ ಹೊತ್ಕೊಂಡ್ಹೋದ್ವು, ಕಣ್ಣಾರೆ ನೋಡ್ದೆ. ಇದು ನಿನ್ನ ತವರಿಂದು ಅಲ್ವಾ?"

ಲಮಿತಳ ಕೈ ನಿಂತಿತು.

"ಅತ್ತೆಗೆ ಹೇಳ್ಲಾ? ತೋಟ ನಿಂದು. ಹೊಗಳಿಸ್ಕೊಳ್ಳೋಕೆ ನಂಗೇ ನಾಚ್ಕೆ ಆಗುತ್ತೆ."

"ಬೇಡ," ಎಂದಳು ಲಮಿತ್. "ಸುಮ್ನಿರು. ನಿಂದೇ ಅಂತಿರ್ಲಿ."

ಸೆಂಡಿ ಸೌತೆ ಮುರಿದು ದೊಡ್ಡ ಹೋಳನ್ನು ಅವಳಿಗೆ ಕೊಟ್ಟಳು. ಸಿಹಿಯಾಗಿತ್ತು. ಬೈಯಲು ಒಂದೇ ಒಂದು ನೆಪ ಸಿಕ್ಕೀತೇ ಎಂದು ಲಮಿತ್ ಅಗಿಯುತ್ತ ಹುಡುಕಿದಳು. ಹಾಳಾದವಳಿಗೆ ಮನಸ್ಸೂ ತಂಪೇ! ಲಮಿತಳ ಹೊಟ್ಟೆ ಮೊದಲಿಗಿಂತ ಹೆಚ್ಚು ಉರಿಯಿತು.