ಅರ್ಧ ವಾಲ್ಯೂಮಿನಲ್ಲಿ

ಹೂಂ ಅಂದದ್ದಂತೂ ಖಂಡಿತ. ಯಾವುದಕ್ಕೆ ಅಂದೆ ಎಂಬುದು ಮಾತ್ರ ಗೊತ್ತಿಲ್ಲ.

ಹೆಂಡತಿ ಶಾಲೆಗೆ ಹೊರಟುಹೋಗಿ ಹತ್ತು ನಿಮಿಷವಾಗಿತ್ತು. ಅವನು ಹಜಾರದ ನಡುವೆ ಪೆನ್ಸಿಲ್ ಹಿಡಿದು ನಿಂತೇ ಇದ್ದ. ಹೋಗುವ ಮುಂಚೆ ಅವಳು ಅವನ ಭುಜದ ಮೇಲೆ ಕೈಯಿಟ್ಟು, ಒಂದು ಕ್ಷಣ ಮೆಲ್ಲಗೆ ಒತ್ತಿ, ಚಪ್ಪಲಿ ಮೆಟ್ಟಿ ಹೋಗಿದ್ದಳು. ತರಕಾರಿ ತರಲು ಹೇಳಿದವರು ಭುಜ ಒತ್ತುವುದಿಲ್ಲ. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಅಷ್ಟು ಅವನಿಗೂ ತಿಳಿದಿತ್ತು.

ಎದುರಿನ ಮೇಜಿನ ಮೇಲೆ ಅದು ಹಾಡುತ್ತಲೇ ಇತ್ತು. ಮರದಂತೆ ಕಾಣುವ ಪ್ಲಾಸ್ಟಿಕ್ ಪೆಟ್ಟಿಗೆ. ಮುಂದುಗಡೆ ಗೋಧಿಬಣ್ಣದ ಬಟ್ಟೆ, ಹಿತ್ತಾಳೆಯಂತೆ ಕಾಣುವ ಮೂರು ಗುಂಡಿ, ಕೋಣೆಯಿಂದ ಕೋಣೆಗೆ ಎತ್ತಿಕೊಂಡು ಹೋಗಲು ಚರ್ಮದಂತೆ ಕಾಣುವ ಹಿಡಿ. ಸ್ಟೇಷನ್ನಿನ ಅಂಕಿಗಳ ಮೇಲೆ ಒಂದು ಕೆಂಪು ಮುಳ್ಳು. ಗುಂಡಿ ತಿರುಗಿಸಿದರೆ ಮುಳ್ಳು ಅಲುಗುವುದಿಲ್ಲ, ಏಕೆಂದರೆ ಅದು ಮುಳ್ಳಿನ ಚಿತ್ರ. ಒಳಗೆ ರೇಡಿಯೋ ಇಲ್ಲವೇ ಇಲ್ಲ. ಹಾಡೆಲ್ಲ ಅವನ ಜೇಬಿನ ಫೋನಿನಿಂದ ತಂತಿಯಿಲ್ಲದೆ ಬರುತ್ತಿತ್ತು.

ಮೂರನೆಯ ಗುಂಡಿಯೇ ಈ ಸ್ಪೀಕರಿನ ಹೆಗ್ಗಳಿಕೆ. ಒತ್ತಿದರೆ ಹಾಡಿನ ಹಿಂದೆ ಹಳೆಯ ರೇಡಿಯೋದ ಗೊರಗೊರ ಸೇರಿಕೊಳ್ಳುತ್ತದೆ. ಒಂದಿಡೀ ತಲೆಮಾರಿನ ಎಂಜಿನಿಯರುಗಳು ತಲೆ ಕೆಡಿಸಿಕೊಂಡು ತೆಗೆದುಹಾಕಿದ ಸದ್ದನ್ನು ಅವರ ಮಕ್ಕಳು ಅಷ್ಟೇ ತಲೆ ಕೆಡಿಸಿಕೊಂಡು ಮರಳಿ ತಂದಿದ್ದರು. ಅವನೂ ಎಂಜಿನಿಯರೇ. ಆದರೆ ಯಾವುದನ್ನೂ ತೆಗೆದವನಲ್ಲ, ತಂದವನಲ್ಲ. ಬೇರೆಯವರು ಮಾಡಿದ್ದಕ್ಕೆ ನಕ್ಷತ್ರ ಹಂಚುವವನು. ಅಂತರ್ಜಾಲದ ಒಂದು ಪತ್ರಿಕೆಯಲ್ಲಿ ಪ್ರತಿ ವಾರ ಇಂಥ ಸಾಮಾನುಗಳ ವಿಮರ್ಶೆ ಬರೆಯುತ್ತಿದ್ದ. ಓದುಗರು ಅವನನ್ನು ಕಿವಿ ಮೇಷ್ಟ್ರು ಎನ್ನುತ್ತಿದ್ದರು. ಅವನಿಗೆ ಆ ಹೆಸರು ಇಷ್ಟವಾಗಿತ್ತು.

ಬೆಳಿಗ್ಗೆ ಆ ಗೊರಗೊರದ ಗುಂಡಿಯನ್ನೇ ಪರೀಕ್ಷಿಸುತ್ತಿದ್ದಾಗ ಹಿಂದಿನಿಂದ ಹೆಂಡತಿಯ ಧ್ವನಿ ಬಂದಿತ್ತು. ಧ್ವನಿ ಚೆನ್ನಾಗಿ ನೆನಪಿದೆ. ಮಧ್ಯಮ ಸ್ಥಾಯಿ, ಸ್ವಲ್ಪ ಒಣಗಿದ ಗಂಟಲು, ನಡುವೆ ಎರಡು ಕಡೆ ಬಿಡುವು. ಅಷ್ಟು ಸದ್ದಿನಲ್ಲೂ ಆ ಧ್ವನಿ ಮುಳುಗದೆ ನಿಂತದ್ದನ್ನು ಅವನು ಮೆಚ್ಚಿ ಪುಸ್ತಕದಲ್ಲಿ ಗುರುತು ಹಾಕಿಕೊಂಡಿದ್ದ: ‘ಅರ್ಧ ವಾಲ್ಯೂಮಿನಲ್ಲಿ ಮನೆಯವರ ಮಾತಿಗೆ ಅಡ್ಡಿಯಿಲ್ಲ.’ ಈಗ ಆ ಸಾಲನ್ನು ಎರಡು ಸಲ ಓದಿದ. ಅವಳು ಹೇಳಿದ ಒಂದೇ ಒಂದು ಪದ ಅದರಲ್ಲಿರಲಿಲ್ಲ.

ಫೋನ್ ಮಾಡಿ ಕೇಳಬಹುದಿತ್ತು. ಆದರೆ ಹಾಗೆ ಕೇಳುವ ಅವಕಾಶವನ್ನು ಅವನು ಈಗಾಗಲೇ ಉಪಯೋಗಿಸಿ ಮುಗಿಸಿದ್ದ. ಮೂರು ತಿಂಗಳ ಹಿಂದೆ ಮಗಳು ಸೂಟ್‌ಕೇಸ್ ಎಳೆದುಕೊಂಡು ಬಾಗಿಲಿಗೆ ಬಂದಾಗ, "ಎಲ್ಲಿಗೆ ಹೊರಟೆ?" ಎಂದು ಕೇಳಿದ್ದ. ಹಾಸ್ಟೆಲಿಗೆ. ಆ ವಿಷಯ ಮನೆಯಲ್ಲಿ ಒಂದೂವರೆ ತಿಂಗಳು ಚರ್ಚೆಯಾಗಿತ್ತಂತೆ, ಅವನೂ ಹೂಂ ಅಂದಿದ್ದನಂತೆ. ಅವತ್ತು ಹೆಂಡತಿ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಅಂದಿನಿಂದ ಅವಳು ಅವನೊಂದಿಗೆ ಬೇಕಾದಷ್ಟೇ ಮಾತಾಡತೊಡಗಿದ್ದಳು, ಗ್ಯಾಸ್ ಬುಕ್ ಮಾಡಿ, ನಲ್ಲಿ ನಿಲ್ಲಿಸಿ, ಹೀಗೆ.

ಹಾಗಾಗಿ ಉಪಾಯ ಹುಡುಕಿ ಸಂದೇಶ ಕಳಿಸಿದ: ‘ಬೆಳಿಗ್ಗೆ ಹೇಳಿದೆಯಲ್ಲ, ಅದಕ್ಕೆ ನಾನೇನಾದರೂ ಮಾಡಬೇಕಾ?’

ಪಾಠದ ನಡುವೆಯೇ ಉತ್ತರ ಬಂತು. ‘ಏನೂ ಬೇಡ. ನೀವು ಒಪ್ಪಿದ್ದೇ ಸಾಕು.’

ಅವನಿಗೆ ಹೆದರಿಕೆಯಾಯಿತು.

ಹನ್ನೊಂದಕ್ಕೆ ಭಾವಮೈದನ ಫೋನ್ ಬಂತು. ಸಾಮಾನ್ಯವಾಗಿ ವರ್ಷಕ್ಕೆರಡು ಸಲ ಫೋನ್ ಮಾಡುವ ಆಸಾಮಿ.

"ಭಾವ, ಅಕ್ಕ ಈಗ ಫೋನ್ ಮಾಡಿದ್ಲು."

"ಹೌದಾ. ಏನಂದ್ಲು?"

"ಏನಂತಾಳೆ, ವಿಷಯ ಹೇಳಿದ್ಲು. ನೀವು ಒಪ್ಪಿದ್ರಿ ಅಂದಾಗ ನಂಗೆ ನಂಬೋಕೇ ಆಗ್ಲಿಲ್ಲ."

"ಅದರಲ್ಲೇನಿದೆ."

"ಏನಿದೆ ಅಂದ್ರೆ! ನಾನಾಗಿದ್ರೆ ಮನೇನ ತಲೆ ಮೇಲೆ ಹೊತ್ಕೊಂಡು ಕುಣೀತಿದ್ದೆ. ನಿಮ್ದು ದೊಡ್ಡ ಮನಸ್ಸು ಭಾವ."

"ಯಾವಾಗ ಅಂತ ಹೇಳಿದ್ಲು?"

"ನಿಮ್ಗೇ ಗೊತ್ತಿರ್ಬೇಕಲ್ಲ?"

"ಗೊತ್ತು. ನಿನಗೇನು ಹೇಳಿದ್ದಾಳೆ ಅಂತ ಕೇಳಿದೆ."

"ಒಂದನೇ ತಾರೀಕು. ಲಾರಿ ನಾನು ನೋಡ್ಕೋತೀನಿ, ನೀವು ತಲೆ ಕೆಡಿಸ್ಕೋಬೇಡಿ." ಭಾವಮೈದ ಧ್ವನಿ ತಗ್ಗಿಸಿ, "ಹುಷಾರಾಗಿದೀರಿ ತಾನೆ?" ಎಂದ.

"ನನಗೇನಾಗಿದೆ," ಎಂದು ಅವನು ಫೋನ್ ಇಟ್ಟ.

ಲಾರಿ ಬೇಕಾಗುವಂಥದ್ದು ಏನು? ಕುರ್ಚಿಯ ತುದಿಯಲ್ಲಿ ಕೂತು ಯೋಚಿಸಿದ. ಹೊಸ ಫ್ರಿಜ್ಜಿಗೆ ಯಾರೂ ದೊಡ್ಡ ಮನಸ್ಸು ಮಾಡಬೇಕಿಲ್ಲ. ಹಾಗಾದರೆ ಅತ್ತೆ. ಅತ್ತೆಯೇ ಸರಿ! ಮಂಚ, ಬೀರು, ಮಂಡಿನೋವಿನ ಎಣ್ಣೆ ಸಮೇತ ಅತ್ತೆ ಇಲ್ಲಿಗೇ ಬಂದು ಇರುತ್ತಾರೆ. ಅವನಿಗೆ ಎಷ್ಟು ಹಗುರಾಯಿತೆಂದರೆ ಜೋರಾಗಿ ನಕ್ಕುಬಿಟ್ಟ. ಕೂತಲ್ಲೇ ಅತ್ತೆಗೆ ಮಗಳ ಕೋಣೆಯನ್ನು ಬಿಟ್ಟುಕೊಟ್ಟ. ಕಿಟಕಿಯ ಪಕ್ಕದ ಆರಾಮಕುರ್ಚಿಯನ್ನೂ ಕೊಟ್ಟ. ತಾನು ನಿಜಕ್ಕೂ ದೊಡ್ಡ ಮನಸ್ಸಿನವನೇ ಎಂದು ಮಧ್ಯಾಹ್ನದವರೆಗೂ ನಂಬಿಕೊಂಡಿದ್ದ.

ಆ ಗುಂಗಿನಲ್ಲೇ ವಿಮರ್ಶೆ ಬರೆಯತೊಡಗಿದ. ಪೆಟ್ಟಿಗೆಯನ್ನು ಅಡುಗೆಮನೆಗೆ ಒಯ್ದ, ಮಲಗುವ ಕೋಣೆಗೆ ಒಯ್ದ, ಬಚ್ಚಲಲ್ಲೂ ಇಟ್ಟು ನೋಡಿದ. ಪ್ರತಿ ಕೋಣೆಯಲ್ಲೂ ಅದು ಒಬ್ಬನಿಗಾಗಿ ಹಾಡಿತು. ‘ಇದು ಬರೀ ಯಂತ್ರವಲ್ಲ, ಮನೆಯ ಒಬ್ಬ ಸದಸ್ಯ’ ಎಂದು ಬರೆದ. ಇದೇ ವಾಕ್ಯವನ್ನು ಹೋದ ತಿಂಗಳು ಒಂದು ಕಾಫಿ ಯಂತ್ರಕ್ಕೂ ಬರೆದಿದ್ದ. ಯಾರೂ ಆಕ್ಷೇಪಿಸಿರಲಿಲ್ಲ.

ಮೂರು ಗಂಟೆಗೆ ಪತ್ರಿಕೆಯ ಸಂಪಾದಕನ ಫೋನ್ ಬಂತು. ವಯಸ್ಸಿನಲ್ಲಿ ಅವನಿಗಿಂತ ಹದಿನೈದು ವರ್ಷ ಚಿಕ್ಕವನು.

"ಕಿವಿ ಮೇಷ್ಟ್ರೇ, ಎಲ್ಲಿಗೆ ಬಂತು?"

"ಮುಗೀತಾ ಬಂತು. ಒಂದು ವಿಷಯ. ಆ ಮುಳ್ಳು ಬರೀ ಚಿತ್ರ."

"ಅದನ್ನ ಬರೀಬೇಡಿ."

"ಒಳಗೆ ರೇಡಿಯೋನೂ ಇಲ್ಲ."

"ರೇಡಿಯೋ ಯಾರಿಗೆ ಬೇಕು ಸಾರ್, ರೇಡಿಯೋದ ನೆನಪಿದ್ರೆ ಸಾಕು. ಮನೆಮಂದಿಯೆಲ್ಲ ಸುತ್ತ ಕೂತು ಕೇಳ್ತಿದ್ರಲ್ಲ, ಅದು ಬರ್ಲಿ. ಓದಿದೋರ ಕಣ್ಣು ಒದ್ದೆ ಆಗ್ಬೇಕು. ನಾಲ್ಕೂವರೆ ನಕ್ಷತ್ರ ಹಾಕಿ."

"ಮೂರು ಅಂದ್ಕೊಂಡಿದ್ದೆ."

"ನಾಲ್ಕೂವರೆ. ಆಮೇಲೆ, ನೀವು ಹೇಗಿದ್ರೂ ರೆಕಾರ್ಡ್ ಮಾಡಿರ್ತೀರಲ್ಲ, ಒಂದು ನಿಮಿಷದ ತುಣುಕು ಕಳಿಸಿ."

ಅವನು ಮೇಜಿನತ್ತ ತಿರುಗಿದ. ರೆಕಾರ್ಡರ್! ಯಾವ ಸ್ಪೀಕರ್ ಬಂದರೂ ಮೇಜಿನ ಮೂಲೆಯಲ್ಲಿ ರೆಕಾರ್ಡರ್ ಇಟ್ಟು ಒತ್ತುವುದು ಹಲ್ಲುಜ್ಜುವಷ್ಟೇ ರೂಢಿಯಾಗಿತ್ತು; ಅದಕ್ಕೇ ನೆನಪಿನಲ್ಲಿ ಉಳಿದಿರಲಿಲ್ಲ. ಬೆಳಿಗ್ಗೆಯದೆಲ್ಲ ಅದರಲ್ಲಿದೆ.

ಆ ರೆಕಾರ್ಡಿಂಗನ್ನು ಫೋನಿಗೆ ಹಾಕಿಕೊಂಡು ಒತ್ತಿದ. ಬೇರೆ ಸ್ಪೀಕರ್ ಹುಡುಕುವಷ್ಟು ತಾಳ್ಮೆ ಇರಲಿಲ್ಲ, ಧ್ವನಿ ಅದೇ ಪೆಟ್ಟಿಗೆಯಿಂದ ಬಂತು. ಗೊರಗೊರದ ಗುಂಡಿ ಒತ್ತಿದ ಹಾಗೇ ಇತ್ತು. ಹಳೆಯ ಕಾಲದ ಯಾವುದೋ ದೂರದ ಸ್ಟೇಷನ್ನಿನಿಂದ ಬಂದಂತೆ ಅವನ ಹೆಂಡತಿ ಮಾತಾಡಿದಳು.

"ರೀ, ಒಂದ್ನಿಮಿಷ. ಸ್ಕೂಲ್ ಹತ್ರ ಒಂದು ರೂಮ್ ನೋಡಿದೀನಿ. ನಾನೊಬ್ಳೇ ಹೋಗಿ ಇರೋಣ ಅಂತ. ಜಗಳ ಅಲ್ಲ, ಕೋಪಾನೂ ಇಲ್ಲ." ಬಿಡುವು. "ಮಗಳು ಹೋದ್ಮೇಲೆ ಈ ಮನೇಲಿ ನಾನು ಯಾರ ಹತ್ರ ಮಾತಾಡ್ತಿದೀನಿ ಅಂತಾನೇ ಗೊತ್ತಾಗಲ್ಲ. ಮೂರು ತಿಂಗಳು ಯೋಚನೆ ಮಾಡಿದೆ." ಮತ್ತೆ ಬಿಡುವು. "ನೀವು ಬೇಡ ಅಂದ್ರೆ ಇಲ್ಲಿಗೇ ಬಿಟ್ಟೆ, ಇನ್ನೊಂದ್ಸಲ ಎತ್ತಲ್ಲ. ನಿಜವಾಗ್ಲೂ ಎತ್ತಲ್ಲ. ಹೋಗ್ಲಾ?"

ಆಮೇಲೆ ಅವನದೇ ಧ್ವನಿ.

"ಹೂಂ."

ಎಂಥ ಹೂಂ! ಪೂರ್ತಿ ಕೇಳಿ, ತೂಗಿ ನೋಡಿ, ಪ್ರೀತಿಯಿಂದ ಬೀಳ್ಕೊಟ್ಟಂಥ ಹೂಂ. ಯಾವ ಹೆಂಡತಿಯಾದರೂ ನಂಬುವಂಥದ್ದು. ಅದನ್ನು ಗೊರಗೊರದ ಗುಂಡಿಗೆ ಅಂದದ್ದು ಎಂದು ಈ ಲೋಕದಲ್ಲಿ ಅವನೊಬ್ಬನಿಗೇ ಗೊತ್ತಿತ್ತು.

ಇನ್ನೊಮ್ಮೆ ಕೇಳಿದ. ಮೂರನೆಯ ಸಲ ಕೇಳುವಾಗ, ಅವಳ ಧ್ವನಿ ತಗ್ಗಿದಲ್ಲಿ ಪೆಟ್ಟಿಗೆ ಕೊಂಚ ಗುಂಯ್‌ಗುಡುತ್ತದೆ ಎಂಬುದು ಗಮನಕ್ಕೆ ಬಂತು. ಕೈ ತಾನಾಗಿ ಪೆನ್ಸಿಲ್ ಎತ್ತಿಕೊಂಡಿತ್ತು. ಅಳು ಬರಬೇಕಾದ ಹೊತ್ತಿನಲ್ಲಿ ಅವನಿಗೆ ಬಂದದ್ದು ನಾಚಿಕೆ, ಅದೂ ಎಷ್ಟೆಂದರೆ ಪೆನ್ಸಿಲನ್ನು ಕಿಟಕಿಯಾಚೆ ಎಸೆದುಬಿಟ್ಟ. ಕೆಳಗೆ ಯಾರೋ ಬೈದರು.

ನಾಲ್ಕಕ್ಕೆ ವಿಮರ್ಶೆ ಕಳಿಸಿದ. ಮನೆಮಂದಿ ಸುತ್ತ ಕೂರುವುದನ್ನು ಸೇರಿಸಿದ, ಮುಳ್ಳಿನ ಮಾತು ತೆಗೆದ. ತುಣುಕನ್ನು ‘ರೀ’ ಎನ್ನುವ ಮೊದಲೇ ಕತ್ತರಿಸಿದ. ಅರ್ಧ ವಾಲ್ಯೂಮಿನ ಸಾಲಿನ ಮುಂದೆ ಬಹಳ ಹೊತ್ತು ಕೂತ. ಅದರಲ್ಲಿ ಸುಳ್ಳೇನೂ ಇರಲಿಲ್ಲ, ಇಡೀ ವಿಮರ್ಶೆಯಲ್ಲಿ ಯಾರು ಬೇಕಾದರೂ ಪರೀಕ್ಷಿಸಬಹುದಾದ ಸತ್ಯ ಅದೊಂದೇ. ಹಾಗೇ ಬಿಟ್ಟ. ಸಂಪಾದಕನ ಉತ್ತರ ತಕ್ಷಣ ಬಂತು: ‘ಕಣ್ಣು ಒದ್ದೆ ಆಯ್ತು ಸಾರ್.’

ಹೆಂಡತಿ ಐದೂವರೆಗೆ ಬಂದಳು. ಮುಖದಲ್ಲಿ ಬೆವರಿತ್ತು, ಆಯಾಸವಿರಲಿಲ್ಲ. ಚೀಲದಿಂದ ಉತ್ತರಪತ್ರಿಕೆಗಳ ಕಟ್ಟು ತೆಗೆದಳು, ಅದರ ಅಡಿಯಿಂದ ಒಂದು ಅಳತೆ ಟೇಪು ತೆಗೆದಳು. ಎಳೆದರೆ ಬಂದು, ಬಿಟ್ಟರೆ ಸರ್ರನೆ ಡಬ್ಬಿಯೊಳಗೆ ಸೇರಿಕೊಳ್ಳುವ ಉಕ್ಕಿನ ಟೇಪು.

"ಸ್ಕೂಲಿಂದ ತಂದೆ. ಆ ರೂಮು ಹದಿನಾಲ್ಕು ಅಡಿ ಅಂತಾರೆ. ಹದಿನಾಲ್ಕು ಅಂದ್ರೆ ಎಷ್ಟು ಅಂತ ಕಣ್ಣಿಗೆ ಕಾಣ್ಬೇಕಲ್ಲ."

"ಲೆಕ್ಕದ ಟೀಚರಿಗೆ ಕಾಣಲ್ವಾ?"

ಅವಳು ನಕ್ಕಳು. ಅವಳು ನಕ್ಕು ಎಷ್ಟು ದಿನವಾಗಿತ್ತೆಂದು ಅವನಿಗೆ ಆಗ ಹೊಳೆಯಿತು. ಇಷ್ಟು ಮಾತೂ ಅವರ ನಡುವೆ ಈಚೆಗೆ ನಡೆದಿರಲಿಲ್ಲ.

"ನಾನು ಬೆಳಿಗ್ಗೆ..." ಎಂದ.

"ಹೂಂ, ಬೆಳಿಗ್ಗೆ?"

"ಅದು ಹಾಡ್ತಾ ಇತ್ತಲ್ಲ. ನಿನಗೆ ಮಾತಾಡೋಕೆ ತೊಂದರೆ ಆಯ್ತೇನೋ."

"ಇಲ್ವಲ್ಲ." ಅವಳು ಟೇಪನ್ನು ಕೈಯಿಂದ ಕೈಗೆ ಬದಲಿಸಿದಳು. "ನಿಜ ಹೇಳ್ಲಾ? ನೀವು ಕಿವಿಗೇ ಹಾಕ್ಕೊಳ್ಳಲ್ಲ ಅಂದ್ಕೊಂಡೇ ಬಂದಿದ್ದೆ. ಆಮೇಲೆ ಒಂದನೇ ತಾರೀಕು ‘ಎಲ್ಲಿಗೆ ಹೊರಟೆ’ ಅಂತ ಕೇಳ್ತೀರಿ ಅಂತ. ನೀವು ಪೂರ್ತಿ ಕೇಳಿದ್ರಿ. ಅಷ್ಟು ಸಮಾಧಾನವಾಗಿ ಹೂಂ ಅಂದ್ರಿ. ಸ್ಟಾಫ್ ರೂಮಲ್ಲಿ ಕೂತು ಅತ್ತುಬಿಟ್ಟೆ ಕಣ್ರೀ, ಖುಷಿಗೆ."

ಹೇಳಿಬಿಟ್ಟರೆ ಅವಳು ಉಳಿಯಬಹುದು. ಬೇಡ ಅನ್ನುವ ಹಕ್ಕನ್ನು ಅವಳೇ ಕೊಟ್ಟಿದ್ದಳು, ಇನ್ನೊಂದು ಸಲ ಎತ್ತುವುದಿಲ್ಲ ಎಂದೂ ಹೇಳಿದ್ದಳು. ಆದರೆ ಬೇಡ ಅನ್ನಬೇಕಾದರೆ ಮೊದಲು ಕೇಳಿಸಿಕೊಳ್ಳಲಿಲ್ಲ ಅನ್ನಬೇಕು. ಹಾಗೆ ಅಂದ ಮೇಲೆ ಅವಳು ಯಾರಿಗಾಗಿ ಉಳಿಯುತ್ತಾಳೆ? ಹತ್ತೊಂಬತ್ತು ವರ್ಷದಲ್ಲಿ ಅವಳ ಪಾಲಿಗೆ ಬಂದ ಒಳ್ಳೆಯ ಗಂಡ ಬೆಳಿಗ್ಗೆ ಹೂಂ ಅಂದ ಆ ಒಂದು ನಿಮಿಷದವನು. ಅವನನ್ನೂ ಅವಳಿಂದ ಕಿತ್ತುಕೊಳ್ಳಬೇಕು. ಆದರೂ ಅವನಿಗೆ ಅವಳು ಬೇಕಾಗಿತ್ತು. ಇಷ್ಟು ಬೇಕಾಗಿದ್ದಾಳೆಂದು ಗೊತ್ತೇ ಇರಲಿಲ್ಲ.

"ಆ ಮೂಲೇಲಿ ಇದರ ತುದಿ ಹಿಡ್ಕೊಳ್ರೀ," ಎಂದಳು.

ಅವನು ಮಂಡಿಯೂರಿ, ಗೋಡೆಗೂ ನೆಲಕ್ಕೂ ಸೇರುವಲ್ಲಿ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದ. ಅವಳು ಡಬ್ಬಿ ಹಿಡಿದು ಹಿಂದೆ ಹಿಂದೆ ಹೆಜ್ಜೆಯಿಟ್ಟಳು. ಮೂರು ಅಡಿ, ಆರು ಅಡಿ. ಅವರ ಹಜಾರ ಹನ್ನೊಂದು ಅಡಿಗೇ ಮುಗಿದುಹೋಯಿತು. ಅವಳು ಬೆನ್ನಿನಿಂದಲೇ ಬಾಗಿಲು ತಳ್ಳಿ, ಹೊಸ್ತಿಲು ದಾಟಿ ಹೊರಗೆ ಕಾರಿಡಾರಿಗೆ ಹೋದಳು. ಬಾಗಿಲು ಮತ್ತೆ ಅರ್ಧ ಮುಚ್ಚಿಕೊಂಡಿತು. ಈಗ ಅವಳು ಕಾಣಿಸುತ್ತಿರಲಿಲ್ಲ. ನೆಲದಿಂದ ಒಂದು ಗೇಣು ಮೇಲೆ ಹಳದಿ ಪಟ್ಟಿಯೊಂದು ಬಿಗಿಯಾಗಿ ಹೊಸ್ತಿಲಾಚೆ ಹೋಗಿತ್ತು, ಅಷ್ಟೆ.

"ಅಯ್ಯೋ, ಇಲ್ಲೀವರೆಗೂ ಬಂತು!" ಹೊರಗಿನಿಂದ ಧ್ವನಿ ಬಂತು. "ಚೆನ್ನಾಗಿದೆ ಕಣ್ರೀ. ದೊಡ್ಡದಾಗೇ ಇದೆ."

ಅವಳ ಧ್ವನಿಯಲ್ಲಿ ಸಂತೋಷವಿತ್ತು. ಅದು ಯಾವ ಸ್ಥಾಯಿ ಎಂದು ಅವನಿಗೆ ಹೊಳೆಯಲಿಲ್ಲ.

"ಆಯ್ತು, ಬಿಡಿ."

ಅವನು ಬಿಡಲಿಲ್ಲ.

"ರೀ, ಬಿಡಿ ಅಂದೆ. ಕೇಳಿಸ್ತಾ?"

ಒಂದೊಂದು ಅಕ್ಷರವೂ ಕೇಳಿಸಿತು. ಟೇಪು ಆ ಕಡೆಗೆ ಜಗ್ಗುತ್ತ ಸಣ್ಣಗೆ ನಡುಗತೊಡಗಿತು. ಅವನು ಹೆಬ್ಬೆರಳನ್ನು ಇನ್ನಷ್ಟು ಒತ್ತಿದ. ಉಗುರು ಬಿಳಿಚಿಕೊಂಡಿತ್ತು, ಅದರ ಪಕ್ಕದಲ್ಲಿ ಅಳತೆ ಶುರುವಾಗುವಲ್ಲಿನ ಸೊನ್ನೆ ಕಾಣುತ್ತಿತ್ತು.