ಎರಡರಿಂದ ಮೂರರವರೆಗಿನ ನೆರಳು

ಶನಿವಾರ ಮಧ್ಯಾಹ್ನ ಎರಡು ಗಂಟೆ ಹದಿನೇಳು ನಿಮಿಷಕ್ಕೆ ಛತ್ರಿ ಈಜುಕೊಳಕ್ಕೆ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಒಂಬತ್ತು ಅಡಿ ಅಗಲದ ಹಳದಿ ಛತ್ರಿ ತಲೆಕೆಳಗಾಗಿ, ದೊಡ್ಡ ಬುಟ್ಟಿಯ ಹಾಗೆ ತೇಲುತ್ತ ಆಳದ ಕಡೆಗೆ ಹೊರಟಿತು. ಈಜು ಕಲಿಸುವ ಶರಣ್ಯಾ ಅದರ ಬೆನ್ನು ಹತ್ತಿ ಹೋಗಿ, ಮರದ ಕಾವು ಹಿಡಿದು ಎಳೆದು ತಂದಳು. ನೀರಿನಲ್ಲಿದ್ದ ಎಂಟು ಹೆಂಗಸರಲ್ಲಿ ಏಳು ಮಂದಿ ನಕ್ಕರು. ಎಂಟನೆಯವಳಾದ ಶಿವಗಂಗವ್ವ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಅದನ್ನೇ ನೋಡುತ್ತಿದ್ದಳು.

"ಹನ್ನೊಂದ್ ದಿನಾ ಆತು, ನನಗಿನ್ನೂ ತೇಲಾಕ ಬಂದಿಲ್ಲ. ಇದಕ್ಕ ಒಂದ ದಿನದಾಗ ಬಂತು ನೋಡು," ಎಂದಳು.

ಪುಣೆಯ ಧನಕವಡಿಯ ಆ ವಸತಿ ಸಮುಚ್ಚಯದಲ್ಲಿ ಕೊಳ ಕಟ್ಟಿ ನಾಲ್ಕು ವರ್ಷವಾಗಿತ್ತು. ಮಹಿಳೆಯರಿಗೆಂದು ಒಂದು ಗಂಟೆ ಸಿಕ್ಕಿದ್ದು ಆ ವರ್ಷ, ೨೦೦೬ರ ಏಪ್ರಿಲ್‌ನಲ್ಲಿ. ಬೆಳಗ್ಗೆ ಮತ್ತು ಸಂಜೆಯ ಗಂಟೆಗಳು ಮೊದಲೇ ಹಂಚಿಹೋಗಿದ್ದರಿಂದ ಇವರ ಪಾಲಿಗೆ ಮಧ್ಯಾಹ್ನ ಎರಡರಿಂದ ಮೂರು ಉಳಿದಿತ್ತು. ಶಿವಗಂಗವ್ವನಿಗೆ ಅರವತ್ತೊಂದು. ಮೊಣಕಾಲು ನೋವಿಗೆ ನೀರಿನಲ್ಲಿ ನಡೆಯಿರಿ ಎಂದು ಡಾಕ್ಟರು ಹೇಳಿದ್ದರು. ನಾಲ್ಕು ದಿನ ನಡೆದು ಅವಳಿಗೆ ಬೇಸರ ಬಂತು. "ನಡ್ಯಾಕ ರಸ್ತಾ ಅದ. ನೀರಿಗಿ ಬಂದಮ್ಯಾಲ ತೇಲಬೇಕು," ಎಂದು ಶರಣ್ಯಾಳಿಗೆ ಹೇಳಿದಳು.

ತೇಲುವುದನ್ನು ಕಲಿಯಲು ಮೊದಲು ಅಂಗಾತ ಮಲಗಬೇಕು. ಎರಡು ಗಂಟೆಗೆ ಅಂಗಾತ ಮಲಗಿದರೆ ಸೂರ್ಯ ನೇರ ಕಣ್ಣಿಗೆ. ಕಣ್ಣು ಮುಚ್ಚಿದರೆ ಅವಳಿಗೆ ದಿಕ್ಕು ತಪ್ಪಿದಂತಾಗಿ ಗಾಬರಿ. ಗಾಬರಿಯಾದರೆ ಸೊಂಟ ಬಾಗುತ್ತಿತ್ತು, ಸೊಂಟ ಬಾಗಿದರೆ ಮುಳುಗು. ಉಳಿದವರದೂ ಇದೇ ಕಥೆ. ಹದಿನೆಂಟು ಮಂದಿಯಿಂದ ಶುರುವಾದ ತರಗತಿ ಎರಡನೇ ವಾರಕ್ಕೆ ಎಂಟಕ್ಕೆ ಇಳಿದಿತ್ತು.

ಕೊಳದ ಪಶ್ಚಿಮಕ್ಕೆ, ಮೊಣಕಾಲುದ್ದ ನೀರು ನಿಲ್ಲುವಂತೆ ಕೊಳದೊಳಗೇ ಕಟ್ಟಿದ ಕಟ್ಟೆಯಲ್ಲಿ, ಛತ್ರಿ ನಿಲ್ಲಿಸಲೆಂದೇ ಬಿಲ್ಡರ್ ಒಂದು ಸ್ಟೀಲ್ ಕೊಳವೆ ಹೂತಿದ್ದ. ಅದರ ಮುಚ್ಚಳವನ್ನು ಯಾರೂ ತೆಗೆದಿರಲಿಲ್ಲ. ಸಮಿತಿಯ ಕಾರ್ಯದರ್ಶಿ ದೇವದಾಸ್ ಶೆಟ್ಟರು ಕಾತ್ರಜ್‌ನ ತಮ್ಮ ಹೋಟೆಲಿನ ಅಂಗಳದಿಂದ ಒಂದು ಛತ್ರಿ ತಂದು ಅಲ್ಲಿ ನಿಲ್ಲಿಸಿದರು. ಕೊಳವೆಯ ಬಾಯಿ ಎರಡೂವರೆ ಇಂಚು, ಕಾವು ಒಂದೂವರೆ ಇಂಚು. ಹೋಟೆಲಿನಲ್ಲಿ ಮೇಜು ಅಲ್ಲಾಡಿದರೆ ಕಾಲಿನ ಕೆಳಗೆ ಕಾಗದ ಮಡಚಿ ಇಡುವುದು ಅವರ ಮೂವತ್ತು ವರ್ಷದ ರೂಢಿ. ಇಲ್ಲಿಯೂ ಹಳೆಯ ಪತ್ರಿಕೆ ಸುತ್ತಿ ತುರುಕಿದರು. ಕಾಗದ ನೀರಿನಲ್ಲಿ ಒಂದು ಗಂಟೆ ಇದ್ದು ಅಂಬಲಿಯಾಯಿತು. ಗಾಳಿ ಬಂತು, ಛತ್ರಿ ಬಿತ್ತು.

ಭಾನುವಾರ ಸಮಿತಿ ಸೇರಿತು. ಸೋಮವಾರ ಛತ್ರಿಯಿಲ್ಲದ ಕೊಳಕ್ಕೆ ಮೂರೇ ಮಂದಿ ಬಂದರು. ಅವರು ನೀರಿನಿಂದ ಏಳುವ ಹೊತ್ತಿಗೆ ದೇವದಾಸ್ ಬಂದು ನಿಂತರು.

"ನೋಡಿ ಅಮ್ಮ, ನನ್ನದು ಎಂತ ತಕರಾರೂ ಇಲ್ಲ. ಸಮಿತಿಯವರು ಹೇಳಿದ್ದಾರೆ. ನಾಳೆ ಹತ್ತು ಜನ ಆಗದಿದ್ದರೆ ಬುಧವಾರದಿಂದ ಈ ಗಂಟೆ ಮಕ್ಕಳ ಬೇಸಿಗೆ ಶಿಬಿರಕ್ಕೆ. ಛತ್ರಿ ಇನ್ನೊಮ್ಮೆ ಬಿದ್ದರೂ ಅಷ್ಟೇ. ಯಾರದ್ದಾದರೂ ತಲೆ ಒಡೆದರೆ ನಾನು ಉತ್ತರ ಕೊಡ್ಬೇಕಲ್ಲ?"

"ನೆರಳಿಲ್ಲದ ಹತ್ತ ಮಂದಿ ಎಲ್ಲಿಂದ ಬರ್ತಾರ್ರಿ ಶೆಟ್ರ?"

"ಅದೇ ನಾನೂ ಹೇಳಿದೆ. ಒಪ್ಪಲಿಲ್ಲ."

ಕೊಳ ನೋಡಿಕೊಳ್ಳುವ ಮಾಂತು ಜಾಳಿಗೆಯಿಂದ ನೀರಿನ ಮೇಲಿನ ಎಲೆ ತೆಗೆಯುತ್ತಿದ್ದ. ವಿಜಾಪುರ ಜಿಲ್ಲೆಯ ಇಂಡಿ ಊರಿನ ಕಡೆಯವನು, ಐದು ವರ್ಷದಿಂದ ಪುಣೆಯಲ್ಲಿದ್ದ. "ಸಿಮೆಂಟ ಹಾಕೂಣ್ರಿ ಸಾಹೇಬ್ರ, ಜಲ್ಮಕ್ಕ ಅಲ್ಲಾಡೂದಿಲ್ಲ," ಎಂದ.

"ಹಾಕು. ಮತ್ತೆ ಕೊಳ ಸೋರಿದರೆ ನಿನ್ನ ಅಪ್ಪ ಬಂದು ಕಟ್ಟಿಕೊಡ್ತಾನಾ?"

ಶಿವಗಂಗವ್ವ ಕಟ್ಟೆಯ ಮೇಲೆ ಕೂತು ಕೊಳವೆಯೊಳಗೆ ಬೆರಳು ಹಾಕಿ ಸುತ್ತಲೂ ಮುಟ್ಟಿ ನೋಡಿದಳು. ಕಾವನ್ನು ತರಿಸಿ ಒಳಗಿಟ್ಟು, ಎಷ್ಟು ಸಂದು ಉಳಿಯುತ್ತದೆ ಎಂದು ಇನ್ನೊಮ್ಮೆ ನೋಡಿದಳು. "ಮಾಂತು, ನಿಮ್ಮನ್ಯಾಗ ಬೀಸೂ ಕಲ್ಲಿತ್ತೇನು?"

"ಇತ್ರಿ ಅವ್ವಾರ."

"ಅದರ ಗೂಟ ಸಡ್ಲಾದ್ರ ನಿಮ್ಮವ್ವ ಏನ್ ಮಾಡ್ತಿದ್ಲು?"

ಮಾಂತು ಜಾಳಿಗೆ ಕೆಳಗಿಟ್ಟ. "ಅರಿವಿ ಸುತ್ತಿ, ಬೆಣಿ ಬಡದು, ನೀರ ಹಾಕಿ ಇಡ್ತಿದ್ಲರಿ."

"ಒಣಾ ಜಾಲಿ ಕಟಗಿ ಬೆಣಿ. ನೀರ ಕುಡದು ಉಬ್ಬತದ. ಇಲ್ಲಿ ನೀರಿಗೇನ ಬರಾ ಅದ?" ಎನ್ನುತ್ತ ಅವಳು ಎದ್ದಳು.

ಒಣ ಜಾಲಿ ಕಟ್ಟಿಗೆ ಧನಕವಡಿಯಲ್ಲಿ ಎಲ್ಲಿ ಸಿಗುತ್ತದೆ ಎಂದು ದೇವದಾಸ್ ಕೇಳುವ ಮೊದಲೇ ಅವಳು ಲಿಫ್ಟ್ ಹತ್ತಿದ್ದಳು. ಹತ್ತು ನಿಮಿಷಕ್ಕೆ ಒಂದು ಹಳೆಯ ಸೀರೆ, ಒಂದು ಲಟ್ಟಣಿಗೆ ಹಿಡಿದು ಇಳಿದು ಬಂದಳು. ಹಿಂದೆಯೇ ಸೊಸೆ ನೀತಾ ಮೆಟ್ಟಿಲಿಳಿದು ಬಂದಳು.

"ಅತ್ತಿ, ಅದು ನನ್ನ ಲಟ್ಟಣಿಗಿ."

"ಹೌದು. ಜಾಲೀದು. ಚಲೋ ಅದ."

"ಚಪಾತಿ ಹ್ಯಾಂಗ ಮಾಡ್ಲಿ ನಾ?"

"ರೊಟ್ಟಿ ಬಡಿ. ಅದಕ್ಕ ಕೈ ಸಾಕು."

"ನನಗ ರೊಟ್ಟಿ ದುಂಡಗ ಬರೂದಿಲ್ಲ."

"ನನಗ ತೇಲಾಕ ಬರೂದಿಲ್ಲ. ಇಬ್ರೂ ಕಲಿಯೂಣು," ಎಂದು ಶಿವಗಂಗವ್ವ ಲಟ್ಟಣಿಗೆಯನ್ನು ಮಾಂತುವಿನ ಕೈಗಿಟ್ಟಳು.

ಮಾಂತು ಅದನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿದ. ಒಂದೊಂದು ಸೀಳಿನ ತುದಿಯನ್ನು ತೆಳ್ಳಗೆ ಕೆತ್ತಿದ. ಕಾವಿನ ತುದಿಗೆ ಸೀರೆಯ ಪಟ್ಟಿಯನ್ನು ಬಿಗಿಯಾಗಿ ಸುತ್ತಿ ಕೊಳವೆಯೊಳಗೆ ಇಳಿಸಿದರು. ನಾಲ್ಕು ಕಡೆಯಿಂದ ನಾಲ್ಕು ಬೆಣೆ. ಶರಣ್ಯಾ ಕಾವು ಹಿಡಿದು ನಿಂತಳು, ನೀತಾ ದೂರ ನಿಂತು ನೆಟ್ಟಗಿದೆಯೇ ಎಂದು ನೋಡಿ ಹೇಳಿದಳು. ಮಾಂತು ಸುತ್ತಿಗೆ ಎತ್ತಿ ನಾಲ್ಕು ಪೆಟ್ಟು ಹಾಕಿ, ಐದನೆಯದಕ್ಕೆ ಕೈ ಮೇಲೆತ್ತಿದ.

"ಸಾಕು," ಎಂದಳು ಶಿವಗಂಗವ್ವ. "ಉಬ್ಬಾಕ ಜಾಗಾ ಬಿಡು. ಉಳದದ್ದು ನೀರ ಬಡೀತದ."

ದೇವದಾಸ್ ಪ್ಯಾಂಟು ಮಡಚಿಕೊಂಡು ಕಟ್ಟೆಗಿಳಿದು ಕಾವು ಹಿಡಿದು ಅಲ್ಲಾಡಿಸಿದರು. ಅದು ಅಲ್ಲಾಡಿತು. "ಇದು ಅಲ್ಲಾಡ್ತದಲ್ಲ ಮಾರಾಯ್ರೆ."

"ಇವತ್ತ ಅಲ್ಲಾಡ್ಲಿ. ನಾಳಿ ಎರಡಕ್ಕ ಬಂದು ಕೇಳ್ರಿ. ಸಂಭಾಳಿಸಿ ಏರ್ರಿ ಮತ್ತ, ಜಾರತದ."

"ನನಗೆ ನೀರು ಗೊತ್ತುಂಟು ಅಮ್ಮ. ಸಮುದ್ರದ ಬದಿಯಲ್ಲಿ ಹುಟ್ಟಿದವ ನಾನು."

"ಚಿಕ್ಕಪ್ಪನಿಗೆ ಈಜು ಬರುದಿಲ್ಲ," ಎಂದಳು ಅವರ ಅಣ್ಣನ ಮಗಳು ಶರಣ್ಯಾ.

"ಸಮುದ್ರದಲ್ಲಿ ಈಜುವುದು ಮೀನು. ನಾವು ಅದನ್ನು ತಿನ್ನುವವರು," ಎಂದು ದೇವದಾಸ್ ಜೋಪಾನವಾಗಿ ದಡ ಹತ್ತಿದರು.

ಆರಕ್ಕೆ ಗಂಡಸರ ತಂಡ ಬಂತು. ಬಿಸಿಲು ಇಳಿದ ಕೊಳದಲ್ಲಿ ಬಿಚ್ಚದ ಹಳದಿ ಛತ್ರಿ ಒಂಟಿಯಾಗಿ ನಿಂತಿತ್ತು. ಮಳೆ ಯಾವಾಗ ಎಂದು ಒಬ್ಬರು ಮರಾಠಿಯಲ್ಲಿ ಕೇಳಿದರು. ಚಹಾ ಅಂಗಡಿ ಯಾವಾಗ ಎಂದು ಇನ್ನೊಬ್ಬರು. ರಾತ್ರಿ ಊಟದ ಹೊತ್ತಿಗೆ ಆರು ಮಹಡಿಯ ಮೂರು ಕಟ್ಟಡಗಳಲ್ಲೂ ಈ ನಗೆಮಾತು ಹರಡಿತ್ತು. ಕೊಳದಲ್ಲಿ ಹೆಂಗಸರಿಗಾಗಿ ಛತ್ರಿ ನೆಟ್ಟಿದ್ದಾರೆ ಎಂದು ಗಂಡಂದಿರು ಮನೆಯಲ್ಲಿ ಹೇಳಿಕೊಂಡು ನಕ್ಕರು. ಹೆಂಡಂದಿರು ಕೇಳಿಸಿಕೊಂಡರು.

ಮಂಗಳವಾರ ಎರಡಕ್ಕೆ ಐದು ನಿಮಿಷ ಇರುವಾಗ ದೇವದಾಸ್ ರಿಜಿಸ್ಟರ್ ಹಿಡಿದು ಗೇಟಿನ ಬಳಿ ಕೂತರು. ಎರಡೂ ಹತ್ತಕ್ಕೆ ಹದಿನಾಲ್ಕು ಸಹಿಗಳಾಗಿದ್ದವು. ಅವರು ಮತ್ತೊಮ್ಮೆ ಪ್ಯಾಂಟು ಮಡಚಿ ಕಟ್ಟೆಗಿಳಿದರು. ಒಂದು ಕೈಯಿಂದ ಕಾವು ಅಲ್ಲಾಡಿಸಿದರು, ಆಮೇಲೆ ಎರಡೂ ಕೈಯಿಂದ. ಬಗ್ಗಿ ಬೆಣೆಗಳನ್ನು ನೋಡಿದರು. ಕಟ್ಟಿಗೆ ಯಾವುದು, ಸೀರೆ ಯಾವುದು ಎಂದು ತಿಳಿಯದಷ್ಟು ಬಿಗಿದುಕೊಂಡಿತ್ತು. ಮತ್ತೆ ಹೋಗಿ ಕುರ್ಚಿಯಲ್ಲಿ ಕೂತರು. ಇನ್ನು ಗಾಳಿಯೊಂದು ಬಾಕಿ.

ಮಾಂತು ಛತ್ರಿ ಬಿಚ್ಚಿದ. ನೆರಳಿನಲ್ಲಿ ಹದಿನಾಲ್ಕು ಜನಕ್ಕೆ ಜಾಗವಿರಲಿಲ್ಲ. "ಸರೀರಿ, ಇದೇನ ಇಂದಾಪುರದ ಬಸ್ಸೇನ?" ಎಂದು ಯಾರೋ ಅಂದರು. ಕೊನೆಗೆ ನಾಲ್ಕು ನಾಲ್ಕು ಜನರ ಸರದಿ ಮಾಡಿದರು. ಮೊದಲ ಸರದಿ ಶಿವಗಂಗವ್ವನದು ಎಂದು ಎಲ್ಲರೂ ಒಪ್ಪಿದರು. ಅವಳು ತುರುಬಿನ ಮೇಲೆ ರಬ್ಬರ್ ಟೊಪ್ಪಿಗೆ ಎಳೆದುಕೊಂಡು, ಮೊಣಕಾಲಿಗೊಮ್ಮೆ ಕೈ ಮುಟ್ಟಿಸಿ ಅಂಗಾತ ಮಲಗಿದಳು. ಶರಣ್ಯಾ ಬೆನ್ನಿನ ಕೆಳಗೆ ಅಂಗೈ ಕೊಟ್ಟಳು.

"ಕಣ್ಣು ಬಿಡಿ ಅಮ್ಮ. ಮೇಲೆ ಕಡ್ಡಿಗಳುಂಟಲ್ಲ, ಎಣಿಸಿ. ಜೋರಾಗಿ."

ಶಿವಗಂಗವ್ವ ಕಣ್ಣು ಬಿಟ್ಟಳು. ಹಳದಿ ಬಟ್ಟೆಗೆ ಎಂಟು ಕಡ್ಡಿಗಳಿದ್ದವು. "ಒಂದ," ಎಂದಳು. "ಎರಡ."

ಎರಡೂ ಇಪ್ಪತ್ತೆರಡಕ್ಕೆ ಗಾಳಿ ಬಂತು. ಛತ್ರಿಯ ಅಂಚು ಪಟಪಟ ಬಡಿಯಿತು. ಶನಿವಾರ ಇದ್ದವರು ದಡಕ್ಕೆ ಸರಿದರು. ದೇವದಾಸ್ ಕುರ್ಚಿಯಿಂದ ಎದ್ದು ನಿಂತರು. ಬಟ್ಟೆ ಒಮ್ಮೆ ಉಬ್ಬಿ ಮೇಲೆದ್ದು ಮತ್ತೆ ಇಳಿಯಿತು. ಕಾವು ನಿಂತಲ್ಲೇ ನಿಂತಿತ್ತು. ಗಾಳಿ ಇನ್ನೂ ಎರಡು ಸಲ ಬೀಸಿ ಸುಮ್ಮನಾಯಿತು. ಶಿವಗಂಗವ್ವನ ಕಿವಿಗಳು ನೀರಿನೊಳಗಿದ್ದವು; ಇದು ಯಾವುದೂ ಅವಳಿಗೆ ಕೇಳಿಸಲಿಲ್ಲ. "ನಾಕ," ಎಂದಳು. "ಐದ."

ಶರಣ್ಯಾ ಮೆಲ್ಲಗೆ ಅಂಗೈ ತೆಗೆದಳು.

ಆರಾಯಿತು, ಏಳಾಯಿತು. ಎಂಟನೆಯ ಕಡ್ಡಿ ಸಿಗಲಿಲ್ಲ. ಮೇಲೆ ಹಳದಿ ಬಟ್ಟೆ ಇರಲಿಲ್ಲ, ಆಕಾಶವಿತ್ತು. ಗಾಳಿ ಎಬ್ಬಿಸಿದ ಸಣ್ಣ ಅಲೆಗಳು ಅವಳನ್ನು ನೆರಳಿನಿಂದ ನಾಲ್ಕು ಅಡಿ ಆಚೆ ಒಯ್ದಿದ್ದವು. ಬಿಸಿಲು ಕಣ್ಣಿಗೆ ಹೊಡೆಯಿತು. ಅವಳು ಕಣ್ಣು ಮುಚ್ಚಿದಳು. ಯಾರೂ ಕೂಗಬಾರದೆಂದು ಶರಣ್ಯಾ ತುಟಿಯ ಮೇಲೆ ಬೆರಳಿಟ್ಟಳು. ಹದಿಮೂರು ಹೆಂಗಸರು ಸುಮ್ಮನೆ ನಿಂತು ನೋಡಿದರು. ಸೊಂಟ ಬಾಗಲಿಲ್ಲ. ಎರಡು ಕಾಲಿನ ಹೆಬ್ಬೆರಳುಗಳು ನೀರಿನ ಮೇಲೆ ಕಾಣುತ್ತಿದ್ದವು.

ಮೂರು ಗಂಟೆಗೆ ದೇವದಾಸ್ ರಿಜಿಸ್ಟರಿನಲ್ಲಿ ಹದಿನಾಲ್ಕು ಎಂದು ಬರೆದು ಸಹಿ ಹಾಕಿದರು. ಮಕ್ಕಳ ಶಿಬಿರಕ್ಕೆ ಬೆಳಗಿನವರ ಪಾಲಿನಿಂದ ಹನ್ನೊಂದರ ಗಂಟೆ ಬಿಡಿಸಿ ಕೊಡಲಾಯಿತು. ಆ ಸಂಜೆ ನೀತಾ ಐದು ರೊಟ್ಟಿ ಬಡಿದಳು, ಒಂದು ದುಂಡಗೆ ಬಂತು.

ಛತ್ರಿಯನ್ನು ಕೀಳಲು ಸಂಜೆಯ ತಂಡದವರು ಮೇ ತಿಂಗಳಲ್ಲಿ ಎರಡು ಸಲ ನೋಡಿದರು; ಆಗಲಿಲ್ಲ. ಮಳೆಗಾಲಕ್ಕೆ ಮುನ್ನ, ಜೂನ್ ಒಂದರಂದು, ತೊಳೆಯಲೆಂದು ಕೊಳ ಖಾಲಿ ಮಾಡಿದರು. ಐದನೇ ದಿನಕ್ಕೆ ಬೆಣೆ ಒಣಗಿ ಸಡಿಲಾಯಿತು. ಮಾಂತು ಒಂದೇ ಕೈಯಲ್ಲಿ ಛತ್ರಿ ಎತ್ತಿಟ್ಟು, ಲಟ್ಟಣಿಗೆಯ ನಾಲ್ಕು ತುಂಡುಗಳನ್ನು ಮೂರನೇ ಮಹಡಿಗೆ ಒಯ್ದು ನೀತಾಳ ಕೈಗೆ ಕೊಟ್ಟ.